ಅಮರಕೋಶದಿಂದ ಆಂಗ್ಲಕೋಶಕ್ಕೆ: ಕನ್ನಡಿಗರ ಇಂಗ್ಲೀಷ್ ಪದಾಭ್ಯಾಸದ ಚರಿತ್ರೆ

ಪರಭಾಷೆಯೆಂಬುದು ಪರರ ಮನೆಯಿದ್ದಂತೆ. ಅದನ್ನು ಹೊಕ್ಕವನು ಮೊದಲು ತಿಳಿಯಬೇಕಾದುದು ಆ ಮನೆಯ ಶಾಸ್ತ್ರಗ್ರಂಥಗಳನ್ನಲ್ಲ. ನೀರೆಲ್ಲಿದೆ, ದೀಪವೆಲ್ಲಿದೆ, ಬಾಗಿಲು ಯಾವ ಕಡೆಗಿದೆ ಎಂಬುದನ್ನು. ವ್ಯಾಕರಣಾದಿಗಳು ತರುವಾಯ ಬರತಕ್ಕವು. ಇಂಗ್ಲೀಷ್ ಭಾಷೆಯು ಕನ್ನಡ ನಾಡಿನಲ್ಲಿ ನೆಲೆಯೂರಿ ಇನ್ನೂರು ವರ್ಷಗಳು ಮೀರಿದುವು. ಅದರಲ್ಲಿ ಪಾಂಡಿತ್ಯವನ್ನು ಸಂಪಾದಿಸಿದ ಮಹನೀಯರ ಚರಿತ್ರೆಯು ಅಲ್ಲಲ್ಲಿ ಬರೆಯಲ್ಪಟ್ಟಿದೆ. ಆದರೆ ಮೊದಲನೆಯ ಮೆಟ್ಟಲಿನಲ್ಲಿ ನಿಂತು, ‘ವಾಟರ್’ ಎಂದರೆ ನೀರು, ‘ಡೋರ್’ ಎಂದರೆ ಬಾಗಿಲು ಎಂದು ಗಟ್ಟಿಮಾಡಿದ ಸಾಮಾನ್ಯ ಬಾಲಕರ ಅಭ್ಯಾಸದ ಚರಿತ್ರೆಯನ್ನು ವಿಚಾರಿಸುವವರು ವಿರಳ. ಈ ವಿಚಾರವು ಕೇವಲ ಕುತೂಹಲದ್ದಲ್ಲ. ಮಗನು ಇಂಗ್ಲೀಷ್ ಕಲಿತರೆ ಮನೆಯ ಮಾತನ್ನೂ ಮಠದ ಮಾರ್ಗವನ್ನೂ ಮರೆತಾನೆಂಬ ಭಯ ಒಂದು ಕಡೆ. ಕಲಿಯದಿದ್ದರೆ ಲೋಕವ್ಯವಹಾರದಲ್ಲಿ ಹಿಂದುಳಿದಾನೆಂಬ ಭಯ ಇನ್ನೊಂದು ಕಡೆ. ಇವೆರಡರ ನಡುವೆ ತೊಳಲಿದ ತಂದೆತಾಯಿಗಳು ಎಲ್ಲ ಕಾಲದಲ್ಲಿಯೂ ಉಂಟು. ಆ ಎರಡು ಭಯಗಳಿಗೂ ಪೂರ್ವಚರಿತ್ರೆಯಲ್ಲಿ ಸಮಾಧಾನವಿದೆ.

ಪದಾಭ್ಯಾಸವು ಕನ್ನಡ ನಾಡಿಗೆ ಇಂಗ್ಲೀಷಿನೊಡನೆ ಬಂದ ಹೊಸ ವಿದ್ಯೆಯಲ್ಲ. ಸಂಸ್ಕೃತಾಧ್ಯಯನಕ್ಕೆ ತೊಡಗಿದ ಬಾಲಕನು ಅಮರಸಿಂಹನ ‘ನಾಮಲಿಂಗಾನುಶಾಸನ’ವನ್ನು, ಅಂದರೆ ಅಮರಕೋಶವನ್ನು, ಕಂಠಸ್ಥಮಾಡುವುದು ಬಹುಕಾಲದಿಂದ ಬಂದ ಪದ್ಧತಿ. ಆ ಕೋಶದ ರಚನೆಯನ್ನು ಗಮನಿಸಬೇಕು. ಅಲ್ಲಿ ಪದಗಳು ಅಕಾರಾದಿ ಕ್ರಮದಲ್ಲಿಲ್ಲ, ವರ್ಗಗಳಾಗಿ ಹೊಂದಿಸಲ್ಪಟ್ಟಿವೆ. ಸ್ವರ್ಗವರ್ಗ, ಕಾಲವರ್ಗ, ಭೂಮಿವರ್ಗ, ಪುರವರ್ಗ, ವನೌಷಧಿವರ್ಗ, ಮನುಷ್ಯವರ್ಗ ಎಂಬಂತೆ ಒಂದೊಂದು ಬಗೆಯ ವಸ್ತುಗಳ ಹೆಸರುಗಳು ಒಂದೊಂದು ಕಡೆ ಕೂಡಿವೆ. ಒಂದು ಪದವು ನೆನಪಿಗೆ ಬಂದೊಡನೆ ಅದರ ಬಂಧುವರ್ಗವೆಲ್ಲವೂ ಹಿಂದೆಯೇ ಬರುವುದು. ಕನ್ನಡದಲ್ಲಿಯೂ ಇಂತಹ ನಿಘಂಟುಗಳ ಪರಂಪರೆಯುಂಟು. ಹದಿನಾರನೆಯ ಶತಮಾನದಲ್ಲಿ ಲಿಂಗಮಂತ್ರಿಯು ‘ಕಬ್ಬಿಗರ ಕೈಪಿಡಿ’ಯನ್ನೂ, ವಿರಕ್ತ ತೋಂಟದಾರ್ಯರು ‘ಕರ್ಣಾಟಕ ಶಬ್ದಮಂಜರಿ’ಯನ್ನೂ ರಚಿಸಿದರು. ವಿರಕ್ತರೊಬ್ಬರು ಪದಕೋಶವನ್ನು ರಚಿಸುವ ಶ್ರಮವನ್ನು ವಹಿಸಿದರೆಂಬುದು ಮಠಗಳಿಗೂ ಶಬ್ದವಿದ್ಯೆಗೂ ಇದ್ದ ಸಂಬಂಧಕ್ಕೆ ಸಾಕ್ಷಿ.

ಗ್ರಾಮಗಳಲ್ಲಿ ಅಕ್ಷರವಿದ್ಯೆಯನ್ನು ಕಲಿಸುತ್ತಿದ್ದ ಶಾಲೆಗಳಿಗೆ ‘ಮಠ’ವೆಂದೇ ಹೆಸರಿತ್ತು, ಗುರುವನ್ನು ‘ಐಗಳು’, ‘ಅಯ್ಯನವರು’ ಎಂದು ಕರೆಯುತ್ತಿದ್ದರು. ಗುರುವಿಗೆ ಕೂಲಿಯ ರೂಪದಲ್ಲಿ ದವಸಧಾನ್ಯ ಸಲ್ಲುತ್ತಿದ್ದುದರಿಂದ ಕೆಲವೆಡೆ ಅವು ‘ಕೂಲಿಮಠ’ಗಳೆನಿಸಿದುವು. ಮಕ್ಕಳು ಮರಳಿನಲ್ಲಿ ಬೆರಳಿನಿಂದ ಅಕ್ಷರವನ್ನು ತಿದ್ದಿ, ಮಗ್ಗಿಯನ್ನು ಒಕ್ಕೊರಲಿನಿಂದ ಹೇಳಿ ಕಲಿಯುತ್ತಿದ್ದರು. ಹೀಗೆ ಕಿವಿಯಿಂದ ಕೇಳಿ, ಬಾಯಿಂದ ನುಡಿದು, ಕೈಯಿಂದ ಬರೆದು ಕಲಿಯುವ ಮೂರು ಅಂಗಗಳ ಅಭ್ಯಾಸವು ಇಂಗ್ಲೀಷ್ ಬರುವುದಕ್ಕೆ ಮುಂಚೆಯೇ ಸಿದ್ಧವಾಗಿದ್ದಿತು.

ಪಾಶ್ಚಾತ್ಯರ ಪದಗಳು ಕನ್ನಡಿಗರ ಮನೆಯನ್ನು ಹೊಕ್ಕುದು ಕೂಡ ಇಂಗ್ಲೀಷರಿಗಿಂತ ಮೊದಲೇ. ಪಶ್ಚಿಮ ತೀರಕ್ಕೆ ಬಂದ ಪೋರ್ಚುಗೀಸರಿಂದ ‘ಚಾವಿ’, ‘ಪಾದ್ರಿ’, ‘ಬಟಾಟೆ’, ‘ಅಲಮಾರು’ ಮೊದಲಾದ ಮಾತುಗಳು ರೂಢಿಗೆ ಬಂದುವು. ಇವನ್ನು ಯಾವ ಶಾಲೆಯೂ ಕಲಿಸಲಿಲ್ಲ. ವಸ್ತುವು ಕೈಗೆ ಬಂದಿತು, ಅದರೊಡನೆ ಹೆಸರೂ ನಾಲಗೆಗೆ ಬಂದಿತು. ಪದವನ್ನು ಕಲಿಯುವುದಕ್ಕೆ ಇದಕ್ಕಿಂತ ಸಹಜವಾದ ಮಾರ್ಗವಿಲ್ಲವೆಂಬುದನ್ನು ಮುಂದಿನ ಕಾಲದ ಶಿಕ್ಷಣಶಾಸ್ತ್ರಜ್ಞರು ಬಹಳ ಶ್ರಮಪಟ್ಟು ಕಂಡುಕೊಂಡರು.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಇಂಗ್ಲೀಷರ ಅಧಿಕಾರವು ಕನ್ನಡ ಪ್ರಾಂತಗಳಲ್ಲಿ ಕ್ರಮಕ್ರಮವಾಗಿ ಹಬ್ಬಿತು. ಆಗ ಮೊದಲು ವಿದ್ಯಾರ್ಥಿಗಳಾದವರು ಕನ್ನಡಿಗರಲ್ಲ, ಇಂಗ್ಲೀಷರೇ! ಆಳತಕ್ಕವರಿಗೆ ಪ್ರಜೆಗಳ ಮಾತು ತಿಳಿಯಬೇಕಾಗಿತ್ತು. ಮತಪ್ರಚಾರಕ್ಕೆ ಬಂದವರಿಗೂ ಅದೇ ಅವಶ್ಯಕತೆಯಿತ್ತು. 1817ರಲ್ಲಿ ಸಿರಾಂಪುರದಲ್ಲಿ ವಿಲಿಯಂ ಕೇರಿಯವರ ಕನ್ನಡ ವ್ಯಾಕರಣವೂ, 1820ರಲ್ಲಿ ಮದ್ರಾಸಿನಲ್ಲಿ ಜಾನ್ ಮೆಕೆರೆಲ್ ಅವರ ವ್ಯಾಕರಣವೂ ಅಚ್ಚಾದುವು. ಬಳ್ಳಾರಿಯಲ್ಲಿದ್ದ ಪಾದ್ರಿ ವಿಲಿಯಂ ರೀವ್ ಅವರು 1824ರಲ್ಲಿ ಇಂಗ್ಲೀಷ್-ಕನ್ನಡ ಕೋಶವನ್ನೂ, 1832ರಲ್ಲಿ ಕನ್ನಡ-ಇಂಗ್ಲೀಷ್ ಕೋಶವನ್ನೂ ಪ್ರಕಟಿಸಿದರು. ಎರಡನೆಯದನ್ನು ಡೇನಿಯಲ್ ಸ್ಯಾಂಡರ್ಸನ್ ಅವರು ಪರಿಷ್ಕರಿಸಿ ವಿಸ್ತರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಮುದ್ರಿಸಿದರು. ಕಡೆಗೆ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಫರ್ಡಿನಾಂಡ್ ಕಿಟ್ಟೆಲ್ ಅವರ ಮಹಾಕೋಶವು ಸುಮಾರು 70,000 ಪದಗಳನ್ನು ಒಳಗೊಂಡು ಇಂದಿಗೂ ವಿದ್ವಜ್ಜನರ ಗೌರವಕ್ಕೆ ಪಾತ್ರವಾಗಿದೆ. ಇಂಗ್ಲೀಷರು ಕನ್ನಡ ಕಲಿಯಲೆಂದು ಕಟ್ಟಿದ ಈ ಸೇತುವೆಗಳ ಮೇಲೆಯೇ ಕನ್ನಡಿಗರು ಎದುರು ದಿಕ್ಕಿನಿಂದ ನಡೆದು ಇಂಗ್ಲೀಷನ್ನು ಸೇರಿದರು. ಸೇತುವೆಯನ್ನು ಕಟ್ಟಿದವನ ಉದ್ದೇಶವೇ ಬೇರೆ, ದಾಟಿದವನ ಪ್ರಯೋಜನವೇ ಬೇರೆ.

1833ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಧರ್ಮಾರ್ಥವಾಗಿ ಒಂದು ಇಂಗ್ಲೀಷ್ ಶಾಲೆಯನ್ನು ಸ್ಥಾಪಿಸಿದರು. 1835ರಲ್ಲಿ ಮೆಕಾಲೆಯ ಅಭಿಪ್ರಾಯಪತ್ರವು ಸರ್ಕಾರದ ವಿದ್ಯಾದ್ರವ್ಯವನ್ನು ಇಂಗ್ಲೀಷಿನ ಕಡೆಗೆ ತಿರುಗಿಸಿತು. 1854ರಲ್ಲಿ ಚಾರ್ಲ್ಸ್ ವುಡ್ ಅವರ ಆಜ್ಞಾಪತ್ರವು ಉನ್ನತ ವಿದ್ಯೆಗೆ ಇಂಗ್ಲೀಷೆಂದೂ, ಸಾಮಾನ್ಯ ಜನರ ವಿದ್ಯೆಗೆ ದೇಶಭಾಷೆಯೆಂದೂ ವಿಭಾಗಿಸಿತು. ಇದರ ಪರಿಣಾಮವು ಹಳ್ಳಿಯ ಹೊಲದವರೆಗೂ ಮುಟ್ಟಿತು. ರೈತನ ಮನೆಗೆ ‘ಸಮನ್ಸು’ ಬಂದಿತು, ‘ನೋಟೀಸು’ ಬಂದಿತು. ವ್ಯಾಜ್ಯವು ‘ಅಪೀಲು’ ಆಗಿ ಮೇಲಿನ ನ್ಯಾಯಸ್ಥಾನಕ್ಕೆ ಹೋದರೆ ಅಲ್ಲಿ ನಡೆಯುವುದೆಲ್ಲವೂ ಇಂಗ್ಲೀಷಿನಲ್ಲಿ. ತನ್ನ ಭೂಮಿಯ ಭವಿಷ್ಯವು ತನಗೆ ತಿಳಿಯದ ಭಾಷೆಯಲ್ಲಿ ತೀರ್ಮಾನವಾಗುವುದನ್ನು ಕೈಕಟ್ಟಿ ನೋಡುತ್ತಿದ್ದ ರೈತನಿಗೆ, ಊರಿನಲ್ಲಿ ಒಬ್ಬ ಹುಡುಗನಾದರೂ ನಾಲ್ಕು ಅಕ್ಷರ ಇಂಗ್ಲೀಷನ್ನು ಓದಬಲ್ಲವನಾದರೆ ಎಂಬ ಆಸೆ ಹುಟ್ಟಿದುದು ಸಹಜವೇ. ಇಂಗ್ಲೀಷ್ ಪದಾಭ್ಯಾಸವು ಅನೇಕ ಕುಟುಂಬಗಳಲ್ಲಿ ಪ್ರತಿಷ್ಠೆಗಾಗಿ ಅಲ್ಲ, ಸ್ವರಕ್ಷಣೆಗಾಗಿ ಮೊದಲಾಯಿತು.

ಆರಂಭದ ವಿದ್ಯಾರ್ಥಿಗೆ ಎದುರಾದ ಮೊದಲನೆಯ ತೊಡಕು ಬರವಣಿಗೆಯದು. ಕನ್ನಡದಲ್ಲಿ ನುಡಿದಂತೆ ಬರೆಹ, ಬರೆದಂತೆ ಓದು. ಇಂಗ್ಲೀಷಿನಲ್ಲಿ ‘ನೀ’ ಎಂದರೆ ಮೊಣಕಾಲು. ಆದರೆ ಬರೆಯುವಾಗ ಮೊದಲು ‘ಕೆ’ ಎಂಬ ಅಕ್ಷರವನ್ನಿಟ್ಟು ಅದನ್ನು ನುಂಗಿಬಿಡಬೇಕು. ‘ನೋ’ ಎಂದರೆ ತಿಳಿ. ಅಲ್ಲಿಯೂ ಅದೇ ಮೂಕಾಕ್ಷರ. ‘ನೈಟ್’ ಎಂದರೆ ರಾತ್ರಿ. ನಡುವೆ ‘ಜಿ’, ‘ಎಚ್’ ಎಂಬೆರಡು ಅಕ್ಷರಗಳು ಸುಮ್ಮನೆ ನಿಂತಿವೆ. ಇದನ್ನು ಕಂಡು ಬಾಲಕರು ಕಂಗೆಡುವರು. ಆದರೆ ಇದಕ್ಕೆ ಕಾರಣವುಂಟು. ಪೂರ್ವಕಾಲದ ಇಂಗ್ಲೀಷರು ಆ ಅಕ್ಷರಗಳನ್ನೆಲ್ಲ ಉಚ್ಚರಿಸುತ್ತಿದ್ದರು. 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿನಲ್ಲಿ ಮುದ್ರಣವನ್ನು ಪ್ರಾರಂಭಿಸಿದ ತರುವಾಯ ಬರೆಹವು ಕ್ರಮವಾಗಿ ಸ್ಥಿರಗೊಂಡಿತು. ನಾಲಗೆಯು ಮಾತ್ರ ಮುಂದೆ ಸಾಗಿತು. ಆದುದರಿಂದ ಮೂಕಾಕ್ಷರಗಳು ದೋಷಗಳಲ್ಲ. ಹಳೆಯ ಉಚ್ಚಾರದ ಶಿಲಾಶಾಸನಗಳು.

ಸಂಸ್ಕೃತವನ್ನು ಬಲ್ಲ ವಿದ್ಯಾರ್ಥಿಗೆ ಈ ಶಾಸನಗಳನ್ನು ಓದುವುದು ಸುಲಭ. ಮೊಣಕಾಲಿಗೆ ಸಂಸ್ಕೃತದಲ್ಲಿ ‘ಜಾನು’, ‘ತಿಳಿ’ ಎಂಬರ್ಥಕ್ಕೆ ‘ಜ್ಞಾ’ ಧಾತು, ರಾತ್ರಿಗೆ ‘ನಕ್ತ’, ಎಂಟಕ್ಕೆ ‘ಅಷ್ಟ’, ಮಗಳಿಗೆ ‘ದುಹಿತೃ’. ಇಂಗ್ಲೀಷಿನ ‘ನೀ’, ‘ನೋ’, ‘ನೈಟ್’, ‘ಎಯ್ಟ್’, ‘ಡಾಟರ್’ ಎಂಬ ಮಾತುಗಳಲ್ಲಿ ಮೂಕವಾಗಿ ನಿಂತ ಅಕ್ಷರಗಳು ಈ ಸಂಸ್ಕೃತ ಪದಗಳ ಜಕಾರ, ಕಕಾರ, ಹಕಾರಾದಿಗಳ ಸ್ಥಾನದಲ್ಲಿಯೇ ಇವೆ. 1786ರಲ್ಲಿ ಕಲ್ಕತ್ತೆಯಲ್ಲಿ ಸರ್ ವಿಲಿಯಂ ಜೋನ್ಸ್ ಅವರು ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದು ಮೂಲದಿಂದ ಹುಟ್ಟಿರಬೇಕೆಂದು ಸಾರಿದರು. ಇಂಗ್ಲೀಷ್ ಸೇರಿದ ಭಾಷಾವರ್ಗವೂ ಆ ಮೂಲದ್ದೇ. ‘ಡೋರ್’ ದ್ವಾರದ ಬಂಧು. ‘ಕೌ’ ಗೋವಿನ ಬಂಧು. ‘ನೇಮ್’ ನಾಮದ, ‘ಫುಟ್’ ಪಾದದ, ‘ಟೂತ್’ ದಂತದ, ‘ತ್ರೀ’ ತ್ರಯದ, ‘ಬ್ರದರ್’ ಭ್ರಾತೃವಿನ ಬಂಧುಗಳು. ಮನೆಯೊಳಗಿನ ಮಾತುಗಳಲ್ಲಿಯೇ ಈ ಬಂಧುತ್ವವು ಹೆಚ್ಚಾಗಿ ಉಳಿದಿದೆ. ಆರಂಭದ ಅಭ್ಯಾಸಿಗೆ ಬೇಕಾದ ಮಾತುಗಳೂ ಅವೇ.

ಆದರೆ ಇಲ್ಲಿ ಎಚ್ಚರಿಕೆಯು ಬೇಕು. ಕನ್ನಡವು ದ್ರಾವಿಡ ವರ್ಗದ ಭಾಷೆಯೆಂಬುದು 1816ರಲ್ಲಿ ಎಲ್ಲಿಸ್ ಅವರಿಂದಲೂ 1856ರಲ್ಲಿ ಕಾಲ್ಡ್‌ವೆಲ್ ಅವರಿಂದಲೂ ಪ್ರತಿಪಾದಿತವಾಯಿತು. ಆದಕಾರಣ ಅಚ್ಚಗನ್ನಡದ ‘ಒಂದು’, ‘ಎಂಟು’ ಎಂಬ ಮಾತುಗಳು ಇಂಗ್ಲೀಷಿನ ‘ವನ್’, ‘ಎಯ್ಟ್’ ಎಂಬವುಗಳಂತೆ ಕಿವಿಗೆ ಕೇಳಿಸಿದರೂ ಅವುಗಳಲ್ಲಿ ರಕ್ತಸಂಬಂಧವಿಲ್ಲ. ಧ್ವನಿಸಾಮ್ಯವನ್ನು ಕಂಡೊಡನೆ ಬಂಧುತ್ವವನ್ನು ಕಲ್ಪಿಸುವುದು ವಿದ್ಯೆಯಲ್ಲ.

ಇನ್ನು ಕೆಲವು ಪದಗಳು ಬಂಧುಗಳಲ್ಲ. ಈ ದೇಶದಿಂದ ಹೊರಟು ಲೋಕವನ್ನು ಸುತ್ತಿ ವೇಷಾಂತರದಿಂದ ಮರಳಿಬಂದ ಯಾತ್ರಿಕರು. ‘ಶುಗರ್’ ಶರ್ಕರೆಯೇ; ‘ಕ್ಯಾಂಡಿ’ ಖಂಡಸಕ್ಕರೆಯ ಖಂಡ; ‘ಪೆಪ್ಪರ್’ ಪಿಪ್ಪಲಿ; ‘ಜಿಂಜರ್’ ಶೃಂಗವೇರ; ‘ಆರೆಂಜ್’ ನಾರಂಗ. ‘ಮ್ಯಾಂಗೋ’, ‘ಕಾಯರ್’, ‘ಅರೆಕ’ ಎಂಬ ಮಾವು, ತೆಂಗಿನ ನಾರು, ಅಡಕೆಗಳ ಹೆಸರುಗಳು ದಕ್ಷಿಣ ದೇಶದ ಭಾಷೆಗಳಿಂದಲೇ ಪೋರ್ಚುಗೀಸರ ಹಡಗುಗಳನ್ನೇರಿ ಹೋದುವು. ಅಂಗಡಿಯ ಈ ಏಳೆಂಟು ಪದಗಳನ್ನು ಹೀಗೆ ಪರಿಚಯಿಸಿಕೊಂಡ ಬಾಲಕನಿಗೆ ಇಂಗ್ಲೀಷ್ ಪೂರ್ಣವಾಗಿ ಪರಕೀಯವೆಂಬ ಭಯವು ಅರ್ಧ ಇಳಿದುಹೋಗುವುದು.

ಇಂಗ್ಲೀಷ್ ಪದಗಳೂ ಕನ್ನಡಕ್ಕೆ ಬಂದು ಕನ್ನಡದ ನಿಯಮಕ್ಕೆ ತಲೆಬಾಗಿದುವು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಶಬ್ದಗಳು ಕನ್ನಡದ ತದ್ಭವಗಳಾಗುವ ಬಗೆಯನ್ನು ಸೂತ್ರಿಸಿದನು. ಅದೇ ಭಾಷಾಧರ್ಮವು ಹೊಸ ಮಾತುಗಳ ಮೇಲೆಯೂ ಪ್ರವರ್ತಿಸಿತು. ವ್ಯಂಜನಾಂತವನ್ನು ಒಲ್ಲದ ನಾಲಗೆಯು ‘ಕೋರ್ಟ್’ ಎಂಬುದನ್ನು ‘ಕೋರ್ಟು’ ಮಾಡಿತು. ‘ರೈಲು’, ‘ಬಸ್ಸು’, ‘ಪೆನ್ನು’, ‘ಟಿಕೀಟು’ ಹಾಗೆಯೇ ಆದುವು. ಪದಾದಿಯ ಒತ್ತಕ್ಷರವನ್ನು ಸಹಿಸದೆ ಹಳ್ಳಿಗರು ‘ಇಸ್ಕೂಲು’ ಎಂದರು. ‘ಹಾಸ್ಪಿಟಲ್’ ಎಂಬುದು ‘ಆಸ್ಪತ್ರೆ’ಯಾಯಿತು, ‘ಲ್ಯಾಂಟರ್ನ್’ ಎಂಬುದು ‘ಲಾಂದ್ರ’ವಾಯಿತು, ‘ರಿಪೋರ್ಟ್’ ಎಂಬುದು ‘ರಪೋಟು’ ಆಯಿತು. ಶಾಲೆಯ ಬಾಗಿಲನ್ನೇ ಕಾಣದ ತಾಯಂದಿರೂ ಹೀಗೆ ಹತ್ತಾರು ಇಂಗ್ಲೀಷ್ ಪದಗಳನ್ನು ತಿಳಿದಿದ್ದರು. ಆರಂಭದ ಅಭ್ಯಾಸಿಯ ಪದಸಂಪತ್ತು ಶೂನ್ಯದಿಂದ ಮೊದಲಾಗುವುದಿಲ್ಲ. ಮನೆಯಲ್ಲಿರುವ ಈ ಮಾತುಗಳಿಂದಲೇ ಮೊದಲಾಗುವುದು.

ಶಾಲೆಗಳಲ್ಲಿ ಪದವನ್ನು ಕಲಿಸುವ ಕ್ರಮದಲ್ಲಿ ಒಂದು ಲೋಪವು ಬಹುಕಾಲ ನಿಂತಿತು. ಪದ ಮತ್ತು ಅರ್ಥಗಳ ಎರಡು ಸಾಲುಗಳನ್ನು ಬರೆದು ಬಾಯಿಪಾಠ ಮಾಡಿಸುವುದೇ ವಿದ್ಯೆಯೆನಿಸಿತು. ಬಾಯಿಪಾಠವು ನಿಂದ್ಯವಲ್ಲ, ವೇದಶಾಸ್ತ್ರಗಳನ್ನು ಉಳಿಸಿದುದೇ ಅದು. ಆದರೆ ಒಂದು ಭಾಷೆಯ ಪದವು ಇನ್ನೊಂದು ಭಾಷೆಯ ಪದಕ್ಕೆ ಸರಿಸಮವಾಗಿ ಕೂಡುವುದೆಂಬ ಭ್ರಾಂತಿಯನ್ನು ಈ ಎರಡು ಸಾಲುಗಳು ಹುಟ್ಟಿಸಿದುವು. ‘ಅಂಕಲ್’ ಎಂಬ ಒಂದೇ ಪದದಲ್ಲಿ ಕನ್ನಡಿಗರ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರೂ ಅಡಗಿದ್ದಾರೆ. ‘ರೈಸ್’ ಎಂಬುದು ಅಕ್ಕಿಯೂ ಹೌದು, ಅನ್ನವೂ ಹೌದು. ಗುರುವಿಗೆ ‘ತಾವು’, ಹಿರಿಯರಿಗೆ ‘ನೀವು’, ಮಗುವಿಗೆ ‘ನೀನು’ ಎನ್ನುವಲ್ಲಿ ಇಂಗ್ಲೀಷಿಗೆ ‘ಯೂ’ ಒಂದೇ. ಅಲ್ಲಿ ಗೌರವವನ್ನು ವಾಕ್ಯದ ವಿನಯದಿಂದ ತೋರಿಸಬೇಕು. ಪ್ರಸಾದ, ದಾಸೋಹ, ಜಂಗಮ ಎಂಬ ಮಾತುಗಳಿಗಂತೂ ಅಲ್ಲಿ ಸಮಪದವೇ ಇಲ್ಲ, ವಿವರಿಸಿಯೇ ಹೇಳಬೇಕು.

ಕ್ರಿಯಾಪದಗಳಲ್ಲಿ ಮತ್ತೊಂದು ಸೂಕ್ಷ್ಮವಿದೆ. ‘ಗಿವ್’ ಎಂದರೆ ಕೊಡು. ‘ಗಿವ್ ಅಪ್’ ಎಂದರೆ ಬಿಟ್ಟುಬಿಡು. ‘ಗಿವ್ ಇನ್’ ಎಂದರೆ ಸೋಲೊಪ್ಪು. ‘ಪುಟ್’ ಎಂದರೆ ಇಡು; ‘ಪುಟ್ ಆನ್’ ಎಂದರೆ ಉಡು, ತೊಡು; ‘ಪುಟ್ ಆಫ್’ ಎಂದರೆ ಮುಂದಕ್ಕೆ ಹಾಕು. ಪದಶಃ ಅರ್ಥಮಾಡುವವನು ಇಲ್ಲಿ ಎಡವುವನು. ಸಂಸ್ಕೃತದ ಉಪಸರ್ಗಗಳನ್ನು ಬಲ್ಲವನಿಗೆ ಮಾತ್ರ ಇದು ಹೊಸದಲ್ಲ. ಒಂದೇ ‘ಹೃ’ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪ್ರಹಾರಗಳಾಗುವುದನ್ನು ಅವನು ಕಂಡಿರುವನು. ಸಂಸ್ಕೃತದಲ್ಲಿ ಧಾತುವಿನ ಮುಂದೆ ನಿಲ್ಲುವ ಸೇವಕನು ಇಂಗ್ಲೀಷಿನಲ್ಲಿ ಹಿಂದೆ ನಿಲ್ಲುವನು, ಕಾರ್ಯವು ಒಂದೇ.

ಪದವನ್ನು ವಸ್ತುವಿನೊಡನೆ ಕಲಿಸಬೇಕೆಂಬ ತತ್ತ್ವವು ಯೂರೋಪಿನಲ್ಲಿಯೂ ಹಳೆಯದೇ. 1658ರಲ್ಲಿ ಕೊಮೆನಿಯಸ್ ಎಂಬ ಶಿಕ್ಷಣಾಚಾರ್ಯನು ಚಿತ್ರಗಳಿಂದ ಕೂಡಿದ ‘ಆರ್ಬಿಸ್ ಪಿಕ್ಟಸ್’ ಎಂಬ ಬಾಲಬೋಧೆಯನ್ನು ಪ್ರಕಟಿಸಿ, ಚಿತ್ರವನ್ನು ತೋರಿಸಿ ಲ್ಯಾಟಿನ್ ಪದವನ್ನು ಕಲಿಸುವ ಮಾರ್ಗವನ್ನು ಹಾಕಿಕೊಟ್ಟನು. ಇಪ್ಪತ್ತನೆಯ ಶತಮಾನದಲ್ಲಿ ಢಾಕಾ ನಗರದಲ್ಲಿ ಅಧ್ಯಾಪಕರಾಗಿದ್ದ ಮೈಕೇಲ್ ವೆಸ್ಟ್ ಅವರು, ಬಂಗಾಳದ ಬಾಲಕರು ಅನೇಕ ವರ್ಷ ಇಂಗ್ಲೀಷ್ ಓದಿಯೂ ಸುಲಭ ಪುಸ್ತಕವನ್ನು ತಿಳಿಯಲಾರದಿರುವುದನ್ನು ಕಂಡು, ಹೆಚ್ಚಾಗಿ ಬಳಕೆಯಾಗುವ ಪದಗಳನ್ನೇ ಮೊದಲು ಕಲಿಸಿ, ಅವುಗಳಿಂದಲೇ ಪಾಠಗಳನ್ನು ರಚಿಸುವ ಕ್ರಮವನ್ನು ತಂದರು. 1953ರಲ್ಲಿ ಅವರು ಪ್ರಕಟಿಸಿದ ಸಾಮಾನ್ಯೋಪಯೋಗಿ ಪದಪಟ್ಟಿಯಲ್ಲಿ ಸುಮಾರು 2,000 ಮೂಲಪದಗಳಿವೆ. 1930ರಲ್ಲಿ ಸಿ. ಕೆ. ಆಗ್ಡೆನ್ ಅವರು ‘ಬೇಸಿಕ್ ಇಂಗ್ಲೀಷ್’ ಎಂಬ ಹೆಸರಿನಿಂದ 850 ಪದಗಳನ್ನು ಆರಿಸಿದರು. ಅವುಗಳಲ್ಲಿ 600 ವಸ್ತುವಾಚಕಗಳು, 150 ಗುಣವಾಚಕಗಳು, ಉಳಿದ 100 ಕ್ರಿಯಾದಿಗಳು. ಆ 600ರಲ್ಲಿ 200 ಪದಗಳು ಚಿತ್ರದಿಂದ ತೋರಿಸಬಲ್ಲವು. ಲಕ್ಷಾಂತರ ಪದಗಳಿರುವ ಭಾಷೆಯಲ್ಲಿ ಇಷ್ಟು ಸ್ವಲ್ಪದರಿಂದ ನಿತ್ಯವ್ಯವಹಾರದ ಬಹುಭಾಗವು ಸಾಗುವುದೆಂಬ ಸಂಗತಿಯು ಆರಂಭದ ಅಭ್ಯಾಸಿಗೆ ಧೈರ್ಯವನ್ನು ಕೊಡತಕ್ಕದ್ದು. ದಿನಕ್ಕೆ ಐದು ಪದಗಳನ್ನು ಮಾತ್ರ ಕಲಿತು ಹಿಂದಿನವನ್ನು ಮರೆಯದೆ ಆವರ್ತಿಸಿದರೆ 850 ಪದಗಳು 170 ದಿನಗಳಲ್ಲಿ ಸಾಧ್ಯವಾಗುವುವು. ಅಡಿಗೆಮನೆಯ ಪದಗಳು, ಶರೀರದ ಪದಗಳು, ಪೇಟೆಯ ಪದಗಳು, ಕಾಲದ ಪದಗಳು ಎಂದು ವರ್ಗವಿಭಾಗ ಮಾಡಿಕೊಂಡು ಕಲಿಯುವುದು ಈಗಲೂ ಪ್ರಶಸ್ತವೆನಿಸಿದೆ. ಅಮರಸಿಂಹನ ಕ್ರಮವೂ ಇದೇ ಅಲ್ಲವೇ?

ಇಂಗ್ಲೀಷ್ ಕಲಿತವರು ಕನ್ನಡವನ್ನು ತೊರೆದರೋ, ಪೊರೆದರೋ ಎಂಬ ಮುಖ್ಯ ಪ್ರಶ್ನೆಗೆ ಉತ್ತರವು ವ್ಯಕ್ತಿಗಳ ಚರಿತ್ರೆಯಲ್ಲಿದೆ. ತೊರೆದವರೂ ಇದ್ದರು, ಅದನ್ನು ಮರೆಮಾಡಬೇಕಾದುದಿಲ್ಲ. ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯು ಶಾಲೆಗಳನ್ನು ವ್ಯಾಪಿಸಿದ್ದಾಗ ಕನ್ನಡ ಶಾಲೆಗಳಿಗಾಗಿ ಶ್ರಮಿಸಿದ ಡೆಪ್ಯುಟಿ ಚನ್ನಬಸಪ್ಪನವರು ಇಂಗ್ಲೀಷ್ ವಿದ್ಯಾಭ್ಯಾಸವನ್ನು ಪಡೆದವರೇ; ಶೇಕ್ಸ್‌ಪಿಯರನ ನಾಟಕವೊಂದನ್ನು ಕನ್ನಡಕ್ಕೆ ತಂದವರು. ಮೈಸೂರಿನ ಆಸ್ಥಾನ ಕವಿಗಳಾದ ಬಸವಪ್ಪ ಶಾಸ್ತ್ರಿಗಳು (1843–1891) ಇಂಗ್ಲೀಷನ್ನು ಅರಿಯದವರು. ಆದರೂ ಇಂಗ್ಲೀಷ್ ಬಲ್ಲ ಸಿ. ಸುಬ್ಬರಾಯರ ನೆರವಿನಿಂದ ‘ಒಥೆಲೊ’ ನಾಟಕವು ಶಾಸ್ತ್ರಿಗಳ ಲೇಖನಿಯಿಂದ ‘ಶೂರಸೇನ ಚರಿತ್ರೆ’ಯಾಗಿ ಅವತರಿಸಿತು. ಒಬ್ಬರಲ್ಲಿ ಪರಭಾಷೆಯ ಪದಜ್ಞಾನ, ಇನ್ನೊಬ್ಬರಲ್ಲಿ ತಾಯ್ನುಡಿಯ ಸಿರಿ; ಎರಡೂ ಕೂಡಿದಲ್ಲಿ ಕಾವ್ಯವಾಯಿತು. ಎರಡನೆಯದಿಲ್ಲದಿದ್ದರೆ ಮೊದಲನೆಯದು ನಿಷ್ಫಲವಾಗುತ್ತಿದ್ದಿತು.

ಲಿಂಗಾಯತ ಸಮಾಜದಲ್ಲಿಯೂ ಈ ವಿವೇಕವು ಬಲಗೊಂಡಿತು. ಗಿಲಗಂಚಿ ಗುರುಸಿದ್ದಪ್ಪನವರೂ ರಾವಬಹದ್ದೂರ ಅರಟಾಳ ರುದ್ರಗೌಡರೂ 1883ರಲ್ಲಿ ಧಾರವಾಡದಲ್ಲಿ ವಿದ್ಯಾರ್ಥಿಗಳ ನೆರವಿಗಾಗಿ ಶಿಕ್ಷಣನಿಧಿಯನ್ನು ಕೂಡಿಸಲು ಮುಂದಾದರು. ಸಿರಸಂಗಿಯ ಲಿಂಗರಾಜ ದೇಸಾಯಿಯವರು (ಲಿಂಗೈಕ್ಯ 1906) ತಮ್ಮ ಸಂಸ್ಥಾನದ ಸಂಪತ್ತನ್ನೇ ವಿದ್ಯೆಗೆ ಮೀಸಲಿಟ್ಟರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತ್ಯಾಗಿಗಳಿಂದ ಸ್ಥಾಪಿತವಾದ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯು ತನ್ನ ಹೈಸ್ಕೂಲಿಗೆ ಗಿಲಗಂಚಿ-ಅರಟಾಳರ ಹೆಸರನ್ನಿಟ್ಟಿತು. 1917ರಲ್ಲಿ ಶ್ರೀ ಉದ್ಧಾನ ಶಿವಯೋಗಿಗಳು ಸಂಸ್ಕೃತ ಪಾಠಶಾಲೆಯನ್ನು ಸ್ಥಾಪಿಸಿದ ಸಿದ್ಧಗಂಗಾ ಕ್ಷೇತ್ರದಲ್ಲಿ, ಅವರ ತರುವಾಯ ಪೀಠವನ್ನಲಂಕರಿಸಿದ ಪೂಜ್ಯ ಶ್ರೀ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದವರು. ಇಂಗ್ಲೀಷ್ ವಿದ್ಯೆಯು ಅವರ ವಿರಕ್ತಿಗೆ ಅಡ್ಡಿಯಾಗಲಿಲ್ಲ.

ಎಲ್ಲಕ್ಕಿಂತಲೂ ಸ್ಮರಣೀಯವಾದುದು ವಚನಪಿತಾಮಹ ಫ. ಗು. ಹಳಕಟ್ಟಿಯವರ (1880–1964) ದೃಷ್ಟಾಂತ. ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಉನ್ನತ ವ್ಯಾಸಂಗ ಮಾಡಿ, ವಿಜಾಪುರದಲ್ಲಿ ವಕೀಲರಾದ ಅವರು ಇಂಗ್ಲೀಷಿನಿಂದ ಗಳಿಸಿದುದನ್ನೆಲ್ಲ ಕನ್ನಡದ ಓಲೆಗರಿಗಳಿಗೆ ಸುರಿದರು. ಮಠಮಠಗಳನ್ನೂ ಮನೆಮನೆಗಳನ್ನೂ ಅಲೆದು ವಚನಗಳ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿ, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಬಸವಣ್ಣನವರ ವಚನಗಳನ್ನು ಇಂಗ್ಲೀಷಿಗೆ ಅನುವಾದಿಸಿ ಅನ್ಯಭಾಷೆಯ ವಿದ್ವಾಂಸರ ಮುಂದಿಟ್ಟರು. ಒಂದು ಕಾಲದಲ್ಲಿ ಅವರೂ ‘ವಾಟರ್ ಎಂದರೆ ನೀರು’ ಎಂಬ ಮೆಟ್ಟಲಿನಿಂದಲೇ ಹತ್ತಿದ ಬಾಲಕರು. ಆ ಮೊದಲ ಪದಗಳು ಇಂತಹ ಫಲವನ್ನು ಕೊಡುವುವೆಂದು ಅಂದು ಅವರ ಗುರುಗಳಾದರೂ ಅರಿತಿದ್ದರೇ?

ಇದರಿಂದ ನಿಷ್ಪನ್ನವಾಗುವ ತಾತ್ಪರ್ಯವು ಸ್ಪಷ್ಟವಾಗಿದೆ. ತಾಯ್ನುಡಿಯ ಪದಸಂಪತ್ತು ದೃಢವಾಗಿರುವ ಬಾಲಕನಿಗೆ ಪರಭಾಷೆಯ ಪದಗಳು ನಿಲ್ಲಲು ನೆಲೆಯುಂಟು. ಅದಿಲ್ಲದವನಿಗೆ ಅವು ಬಂಡೆಯ ಮೇಲೆ ಬಿದ್ದ ಬೀಜಗಳು. ಮನೆಯ ವಸ್ತುಗಳಿಂದ ಮೊದಲುಮಾಡಿ, ವರ್ಗಕ್ರಮದಿಂದ ಸಂಗ್ರಹಿಸಿ, ನುಡಿದು ಬರೆದು ಆವರ್ತಿಸಿ, ವಾಕ್ಯದಲ್ಲಿ ಪ್ರಯೋಗಿಸಿ ಕಲಿಯುವವನಿಗೆ ಇಂಗ್ಲೀಷ್ ದುಸ್ಸಾಧ್ಯವಲ್ಲ. ಕಲಿತವನು ಅದನ್ನು ಹಮ್ಮಿಗೆ ಬಳಸದೆ, ಅರ್ಜಿಯನ್ನು ಓದಲಾರದ ನೆರೆಯವನಿಗೆ ಓದಿಹೇಳಲಿ. ಔಷಧದ ಸೀಸೆಯ ಮೇಲಿನ ಬರೆಹವನ್ನು ಮುದುಕಿಯೊಬ್ಬಳಿಗೆ ವಿವರಿಸಲಿ. ಜ್ಞಾನಕ್ಕೂ ಇಂಗ್ಲೀಷಿನ ‘ನೋ’ ಎಂಬುದಕ್ಕೂ ಧಾತುವು ಒಂದೇ. ಯಾವ ಭಾಷೆಯ ಬಾಗಿಲಿನಿಂದ ಬಂದರೂ ಅರಿವು ಅರಿವೇ. ಅದು ಆಚಾರದಲ್ಲಿ ನೆಲೆಗೊಂಡು ದಾಸೋಹವಾಗಿ ಪರಿಣಮಿಸಿದಾಗ ಸಾರ್ಥಕವಾಗುವುದು. ಶ್ರೀಮಠದ ವಿದ್ಯಾರ್ಥಿವೃಂದವು ಎರಡು ನುಡಿಗಳನ್ನೂ ಹೀಗೆ ಸಾರ್ಥಕಪಡಿಸಿಕೊಳ್ಳಲೆಂಬುದೇ ಗುರುಹಿರಿಯರ ಹಾರೈಕೆ.